ಸಂಶಯ ಬೇರೆ, ಸಂಚು ಬೇರೆ

ಸಾಂತಾಕ್ರೂಜ್ ಎಂದರೆ ಪೋರ್ಚುಗೀಸಿನಲ್ಲಿ ಪವಿತ್ರ ಶಿಲುಬೆ. ಲೋಕಲ್ ಹಿಡಿಯುವ ನಮಗೆ ಅದು ಬರೀ ಸ್ಟೇಷನ್. ಇಲ್ಲಿನ ಹಳೆಯ ಕ್ರೈಸ್ತ ಮನೆಗಳಿಗೆ ಹಾಗಲ್ಲ. 2006ರಲ್ಲಿ ‘ದ ಡಾ ವಿಂಚಿ ಕೋಡ್’ ಚಿತ್ರ ಬಂದಾಗ ಮುಂಬಯಿಯ ಕೆಲವು ಕ್ರೈಸ್ತ ಸಂಘಟನೆಗಳು ಪ್ರತಿಭಟಿಸಿದವು. ‘ಇದು ಕಲ್ಪಿತ ಕಥೆ’ ಎಂಬ ಸೂಚನೆ ಹಾಕಿಸಿಯೇ ಸೆನ್ಸಾರ್ ಮಂಡಳಿ ಅದನ್ನು ಬಿಟ್ಟಿತು.

ನನ್ನ ತಕರಾರು ಬೇರೆ. ಯೇಸುವಿಗೆ ಮದುವೆ ಮಾಡಿಸುವ ಹಕ್ಕು ಕಾದಂಬರಿಕಾರನಿಗಿದೆ. ಆದರೆ ಡಾನ್ ಬ್ರೌನ್ 2003ರ ತಮ್ಮ ಕಾದಂಬರಿಯ ಆರಂಭದಲ್ಲೇ ‘ಸತ್ಯಾಂಶ’ ಎಂಬ ಪುಟವಿಟ್ಟಿದ್ದಾರೆ. ಒಳಗೆ ಇತಿಹಾಸಕಾರನ ಪಾತ್ರವೊಂದು, ಯೇಸು ದೇವರಾದದ್ದು ಕ್ರಿ.ಶ. 325ರ ನೈಸಿಯಾ ಸಭೆಯ ಮತದಿಂದ ಎನ್ನುತ್ತದೆ. ಕ್ರೈಸ್ತರು ಕ್ರಿಸ್ತನನ್ನು ದೇವರೆಂಬಂತೆ ಹಾಡಿ ಸ್ತುತಿಸುತ್ತಾರೆಂದು ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಬರೆದದ್ದು ಅದಕ್ಕೂ ಸುಮಾರು ಇನ್ನೂರು ವರ್ಷ ಮೊದಲು. ನೈಸಿಯಾದ ಜಗಳವಿದ್ದದ್ದು ಮಗ ತಂದೆಗೆ ಸಮನೇ ಎಂಬುದರ ಮೇಲೆ.

ಕಜಾಂಟ್ಜಾಕಿಸ್‌ರ ‘ದ ಲಾಸ್ಟ್ ಟೆಂಪ್ಟೇಶನ್’ ಕೂಡ ವ್ಯಾಟಿಕನ್‌ನ ನಿಷೇಧಿತ ಪಟ್ಟಿ ಸೇರಿತ್ತು. ಅಲ್ಲಿ ಶಿಲುಬೆಯ ಮೇಲಿನ ಯೇಸು ಹೆಂಡತಿ ಮಕ್ಕಳ ಸಂಸಾರದ ಕನಸು ಕಾಣುತ್ತಾನೆ, ಅದನ್ನು ತೊರೆದು ಶಿಲುಬೆಗೇ ಮರಳುತ್ತಾನೆ. ಆ ಮರಳುವಿಕೆಗೆ ಅವನು ತೆತ್ತ ಬೆಲೆ ನಮಗೂ ತಟ್ಟುತ್ತದೆ. ಬ್ರೌನ್‌ರಲ್ಲಿ ಯೇಸುವಿಗೆ ಒಳತೋಟಿಯೇ ಇಲ್ಲ. ಅವನೊಂದು ಬಚ್ಚಿಟ್ಟ ಗುಟ್ಟು ಮಾತ್ರ. ಗುಟ್ಟು ಬಯಲಾದ ಮೇಲೆ ಆ ಪುಸ್ತಕವನ್ನು ಎರಡನೇ ಸಲ ಓದಲು ನನಗೆ ಕಾರಣ ಸಿಗಲಿಲ್ಲ.