ಒಂದು ಸುಳ್ಳು, ನೂರು ಲೆಕ್ಕ

ವೈಜ್ಞಾನಿಕ ಚಿತ್ರ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಖರ್ಚು. ಆಕಾಶದ ತುಂಬ ಹಾರಾಡುವ ನೌಕೆಗಳು, ಉರಿದು ಬೀಳುವ ನಗರಗಳು, ಎದೆ ನಡುಗಿಸುವ ಸದ್ದು. ಹಾಸ್ಯಚಿತ್ರ ಎಂದೊಡನೆ ಬರುವುದು ಅಗ್ಗ: ಜಾರಿ ಬೀಳುವವನು, ಕಪಾಳಕ್ಕೆ ಹೊಡೆಸಿಕೊಳ್ಳುವವನು, ದಪ್ಪ ಹೆಂಡತಿ, ಸಣಕಲು ಗಂಡ. ಈ ಎರಡನ್ನೂ ಕೂಡಿಸಿ 'ವೈಜ್ಞಾನಿಕ ಹಾಸ್ಯಚಿತ್ರ' ಎಂದು ಹೇಳಿ ನೋಡಿ. ಗಂಭೀರ ಪ್ರೇಕ್ಷಕರು ಅದು ಮಕ್ಕಳಿಗೆ ಮಾಡಿದ್ದಿರಬೇಕೆಂದು ತಿಳಿದು ಮಕ್ಕಳನ್ನು ಕಳಿಸಿಕೊಟ್ಟು ತಾವು ಮನೆಯಲ್ಲೇ ಉಳಿಯುತ್ತಾರೆ. ನಾನು ಇಲ್ಲಿ ಶಿಫಾರಸು ಮಾಡಹೊರಟಿರುವ ನಾಲ್ಕು ಚಿತ್ರಗಳು ಹೀಗೆ ಎರಡರ ನಡುವಿನ ಸಂದಿಯಲ್ಲಿ ಬಿದ್ದುಹೋದಂಥವು. ತಂತಮ್ಮ ನಾಡುಗಳಲ್ಲಿ ಅವಕ್ಕೆ ಕಟ್ಟಾ ಅಭಿಮಾನಿಗಳಿದ್ದಾರೆ. ನಮ್ಮಲ್ಲಿ ಮಾತ್ರ, ಸಿನಿಮಾ ಬಲ್ಲವರ ನಡುವೆಯೂ, ಇವುಗಳ ಹೆಸರೆತ್ತುವವರು ಕಡಿಮೆ.

ಇದಕ್ಕೆ ಒಂದು ಕಾರಣ ನಾವು ಸಿನಿಮಾ ನೋಡಲು ಕಲಿತ ರೀತಿಯಲ್ಲೇ ಇದೆ. ನನ್ನ ತಲೆಮಾರಿನ ಬಹಳ ಜನರಂತೆ ನಾನೂ ಒಂದು ಫಿಲ್ಮ್ ಸೊಸೈಟಿಯ ಮಡಿಸುವ ಕುರ್ಚಿಗಳ ಮೇಲೆ ಕುಳಿತು ಪಾಠ ಕಲಿತವನು. ಆ ಸೊಸೈಟಿಗಳ ಋಣ ದೊಡ್ಡದು, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ನಗುವುದೆಂದರೆ ಚಪ್ಪಲಿ ಮೆಟ್ಟಿಕೊಂಡು ಗರ್ಭಗುಡಿಗೆ ಕಾಲಿಟ್ಟಂತೆ. ತಾರ್ಕೊವ್ಸ್ಕಿಯ 'ಸೋಲಾರಿಸ್' (1972) ನಮಗೆ ಭಕ್ತಿಯಿಂದ ತೋರಿಸಿದರು. ಅದೇ ಮಾಸ್ಕೋದ ಅದೇ ಮೊಸ್‌ಫಿಲ್ಮ್ ಸ್ಟುಡಿಯೋದಿಂದ ಬಂದ 'ಕಿನ್-ಜಾ-ಜಾ'ದ ಸುದ್ದಿಯನ್ನೇ ಎತ್ತಲಿಲ್ಲ. ಆಳವಾದದ್ದು ನಿಧಾನವಾಗಿರಬೇಕು, ನಿಧಾನವಾದದ್ದು ದುಃಖದ್ದಾಗಿರಬೇಕು ಎಂಬ ಒಂದು ಅಲಿಖಿತ ನಿಯಮ ನಮ್ಮನ್ನು ಆಳುತ್ತಿತ್ತು. ತೇಜಸ್ವಿಯವರ 'ಕರ್ವಾಲೊ' ಓದಿ ಹೊಟ್ಟೆ ಹಿಡಿದುಕೊಂಡು ನಕ್ಕವರು, ಆ ನಗುವಿನ ಬೆನ್ನಿಗೇ ಕೋಟಿ ವರ್ಷಗಳ ಹಿಂದಿನ ಕಾಲವನ್ನು ಇಣುಕಿ ಬಂದವರು, ಈ ನಿಯಮವನ್ನು ಹೇಗೆ ಒಪ್ಪಿಕೊಂಡೆವೋ ತಿಳಿಯದು.

ನನ್ನ ಎಣಿಕೆಯಲ್ಲಿ ವಿಜ್ಞಾನದ ಕಥೆ ಹೇಳುವವನಿಗೆ ಒಂದೇ ಒಂದು ಸುಳ್ಳು ಹೇಳಲು ಪರವಾನಗಿ ಇದೆ. ಹರಿಯದ ಬಟ್ಟೆ ಇದೆ ಎನ್ನಿ, ಮಾತನಾಡುವ ಬಾಂಬು ಇದೆ ಎನ್ನಿ, ಒಪ್ಪುತ್ತೇವೆ. ಆದರೆ ಅಲ್ಲಿಂದ ಮುಂದೆ ಎಲ್ಲವೂ ಲೆಕ್ಕ. ಆ ಸುಳ್ಳು ನಿಜವಾಗಿದ್ದರೆ ಯಾರಿಗೆ ಲಾಭ, ಯಾರ ಅನ್ನಕ್ಕೆ ಕಲ್ಲು, ಸಂತೆಯಲ್ಲಿ ಬೆಲೆ ಏನಾಗುತ್ತದೆ, ಪೊಲೀಸರು ಏನು ಮಾಡುತ್ತಾರೆ, ಹೆಂಡತಿ ಏನೆನ್ನುತ್ತಾಳೆ? ಬೆರಗಿನ ಚಿತ್ರಗಳು ಸುಳ್ಳನ್ನು ದೊಡ್ಡದು ಮಾಡುತ್ತ ಹೋಗಿ ಲೆಕ್ಕವನ್ನು ಮರೆತುಬಿಡುತ್ತವೆ. ಹಾಸ್ಯಕ್ಕೆ ಆ ಅನುಕೂಲವಿಲ್ಲ. ಲೆಕ್ಕ ತಪ್ಪಿದರೆ ನಗು ಹುಟ್ಟುವುದೇ ಇಲ್ಲ.

ಮೊದಲು 'ದ ಮ್ಯಾನ್ ಇನ್ ದ ವೈಟ್ ಸೂಟ್' (1951). ಲಂಡನ್ನಿನ ಈಲಿಂಗ್ ಸ್ಟುಡಿಯೋದ ಚಿತ್ರ. ನಿರ್ದೇಶಕ ಅಲೆಕ್ಸಾಂಡರ್ ಮೆಕೆಂಡ್ರಿಕ್. ಅಲೆಕ್ ಗಿನ್ನೆಸ್ ಇಲ್ಲಿ ಸಿಡ್ನಿ ಸ್ಟ್ರಾಟನ್ ಎಂಬ ರಸಾಯನಶಾಸ್ತ್ರಜ್ಞ. ಬಟ್ಟೆ ಗಿರಣಿಗಳಲ್ಲಿ ಸಣ್ಣಪುಟ್ಟ ಕೆಲಸಕ್ಕೆ ಸೇರಿ, ಮಾಲೀಕರ ಕಣ್ಣು ತಪ್ಪಿಸಿ, ಅವರ ಪ್ರಯೋಗಶಾಲೆಯಲ್ಲೇ ತನ್ನ ಗಾಜಿನ ಕೊಳವೆಗಳನ್ನು ಹೂಡಿಕೊಳ್ಳುವವನು. ಆ ಕೊಳವೆಗಳು ಗುಳುಗುಳು ಎಂದು ತಾಳ ಹಾಕುತ್ತವೆ. ಒಮ್ಮೆ ಕೇಳಿದರೆ ಆ ಸದ್ದು ವಾರಗಟ್ಟಲೆ ಕಿವಿ ಬಿಡುವುದಿಲ್ಲ. ಕೊನೆಗೆ ಸಿಡ್ನಿ ಎಂದೂ ಹರಿಯದ, ಎಂದೂ ಕೊಳೆಯಾಗದ ನೂಲನ್ನು ಕಂಡುಹಿಡಿಯುತ್ತಾನೆ. ಬಣ್ಣವೂ ಅದಕ್ಕೆ ಅಂಟದಾದ್ದರಿಂದ ಹೊಲಿಸಿದ ಸೂಟು ಅಚ್ಚ ಬಿಳಿ, ಸಾಲದ್ದಕ್ಕೆ ಕತ್ತಲಲ್ಲಿ ಹೊಳೆಯುತ್ತದೆ.

ಇಲ್ಲಿಗೆ ಸುಳ್ಳು ಮುಗಿಯಿತು, ಲೆಕ್ಕ ಶುರು. ಬಟ್ಟೆ ಹರಿಯದಿದ್ದರೆ ಎರಡನೆಯ ಅಂಗಿ ಕೊಳ್ಳುವವರು ಯಾರು? ಗಿರಣಿ ಮಾಲೀಕರು ನಡುಗುತ್ತಾರೆ. ಮಾಲೀಕರ ಗಿರಣಿ ನಿಂತರೆ ತಮ್ಮ ಕೂಲಿಯ ಗತಿಯೇನು? ಕಾರ್ಮಿಕ ಸಂಘವೂ ನಡುಗುತ್ತದೆ. ಬದುಕಿನುದ್ದಕ್ಕೂ ಎದುರುಬದುರು ನಿಂತವರು ಒಬ್ಬ ಬಡಪಾಯಿಯನ್ನು ಹಿಡಿಯಲು ಒಟ್ಟಾಗಿ ಬೀದಿಯಲ್ಲಿ ಓಡುತ್ತಾರೆ; ಅವನೋ ಮೈಮೇಲೆ ದೀಪ ಹೊತ್ತವನಂತೆ ಹೊಳೆಯುತ್ತ ಓಡುತ್ತಾನೆ, ಅಡಗಲು ಕತ್ತಲೆಯೇ ಇಲ್ಲ. ಓಟದ ನಡುವೆ ಅವನಿಗೆ ಮನೆ ಬಾಡಿಗೆಗೆ ಕೊಟ್ಟ ಮುದುಕಿ ಎದುರಾಗುತ್ತಾಳೆ. ಊರವರ ಬಟ್ಟೆ ಒಗೆದು ಹೊಟ್ಟೆ ಹೊರೆಯುವವಳು. ಒಗೆಯುವ ಬಟ್ಟೆಯೇ ಇಲ್ಲದಂತಾದರೆ ನನ್ನ ಪಾಡೇನಪ್ಪಾ ಎಂಬ ಅರ್ಥದ ಒಂದು ಮಾತು ಕೇಳುತ್ತಾಳೆ. ಕೋಪದಿಂದಲ್ಲ, ದಣಿವಿನಿಂದ. ಸಿಡ್ನಿಯ ಮುಖ ಆ ಒಂದು ಕ್ಷಣ ಬದಲಾಗುತ್ತದೆ. ಚಿತ್ರದಲ್ಲಿ ಅವನು ಬೇರೊಬ್ಬರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದು ಅಲ್ಲೊಂದೇ ಕಡೆ.

ಬ್ರಿಟನ್ನಿನಲ್ಲಿ ಯುದ್ಧಕಾಲದ ಬಟ್ಟೆ ರೇಷನ್ ಮುಗಿದದ್ದು 1949ರಲ್ಲಿ. ಎರಡೇ ವರ್ಷದ ಹಿಂದೆ ಕೂಪನ್ ಹಿಡಿದು ನಿಂತಿದ್ದ ಜನ ಈ ಚಿತ್ರ ನೋಡಿ ನಕ್ಕರು ಎಂಬುದನ್ನು ನೆನೆದರೆ ಆ ನಗುವಿನ ತೂಕ ತಿಳಿಯುತ್ತದೆ. ದಾವಣಗೆರೆಯ ಹತ್ತಿ ಗಿರಣಿಗಳು ಬಾಗಿಲು ಹಾಕಿದ್ದನ್ನು ಕಂಡ ನಮಗೆ ಬೇರೆಯ ವಿವರಣೆ ಬೇಡ. ಒಂದು ಕೊರತೆ ಹೇಳಲೇಬೇಕು: ಮಾಲೀಕನ ಮಗಳ ಪ್ರೇಮದ ಎಳೆ, ಜೋನ್ ಗ್ರೀನ್‌ವುಡ್‌ಳ ಆ ಗೊಗ್ಗರು ಇಂಪಿನ ದನಿಯ ಹೊರತಾಗಿ, ಕಥೆಗೆ ಹೆಚ್ಚೇನೂ ಕೊಡುವುದಿಲ್ಲ.

ಎರಡನೆಯದು ಸತ್ಯಜಿತ್ ರಾಯ್ ಅವರ 'ಪರಶ್ ಪಾಥರ್' (1958). ರಾಯ್ ಎಂದರೆ ಅಪು, ರಾಯ್ ಎಂದರೆ 'ಚಾರುಲತಾ'. ಈ ಚಿತ್ರದ ಹೆಸರು ಮಾತ್ರ ಪಟ್ಟಿಯ ಕೆಳಗೆಲ್ಲೋ ಉಳಿದುಹೋಗಿದೆ. ಕೆಲಸ ಕಳೆದುಕೊಳ್ಳಲಿರುವ ಗುಮಾಸ್ತ ಪರೇಶ್ ಚಂದ್ರ ದತ್ತನಿಗೆ ಕಲ್ಕತ್ತೆಯ ಮಳೆಯಲ್ಲಿ ಒಂದು ಕಲ್ಲು ಸಿಗುತ್ತದೆ. ಮುಟ್ಟಿಸಿದ ಲೋಹವೆಲ್ಲ ಚಿನ್ನ. ಪರುಷಮಣಿ ಪುರಾಣದ್ದಲ್ಲವೇ, ವಿಜ್ಞಾನ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಕಥೆಯ ಮೂಲಕರ್ತ 'ಪರಶುರಾಮ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ರಾಜಶೇಖರ ಬಸು. ಅವರು ರಸಾಯನಶಾಸ್ತ್ರ ಓದಿ, ಪ್ರಫುಲ್ಲಚಂದ್ರ ರಾಯ್ ಕಟ್ಟಿದ ಬೆಂಗಾಲ್ ಕೆಮಿಕಲ್ಸ್‌ನಲ್ಲಿ ದುಡಿದವರು. ಪುರಾಣದ ಕಲ್ಲನ್ನು ಅವರು ಪೇಟೆಗೆ ತಂದು ತಕ್ಕಡಿಗೆ ಹಾಕುತ್ತಾರೆ. ಚಿನ್ನ ಮಾಡಬಹುದೆಂಬ ಸುದ್ದಿ ಹಬ್ಬಿದ ದಿನ ಏನಾಗುತ್ತದೆ? ಚಿನ್ನದ ಬೆಲೆ ಕುಸಿಯುತ್ತದೆ. ಮಗಳ ಮದುವೆಗೆಂದು ಗುಂಜಿ ಗುಂಜಿ ಕೂಡಿಟ್ಟವರು ಮಾರಲು ಓಡುತ್ತಾರೆ. ಪವಾಡದ ಮೇಲೆ ಅರ್ಥಶಾಸ್ತ್ರದ ಪ್ರಯೋಗ ನಡೆಸಿದಂತಿದೆ ಇದು.

ಪರೇಶ್ ಬಾಬುವಾಗಿ ನಟಿಸಿದವರು ತುಳಸಿ ಚಕ್ರವರ್ತಿ. 'ಪಥೇರ್ ಪಾಂಚಾಲಿ'ಯಲ್ಲಿ ಕಿರಾಣಿ ಅಂಗಡಿ ನಡೆಸುತ್ತಲೇ ಮಕ್ಕಳಿಗೆ ಪಾಠ ಹೇಳುವ ಮಾಸ್ತರು ನೆನಪಿರಬೇಕಲ್ಲ, ಅವರೇ. ಬಂಗಾಳಿ ಚಿತ್ರಗಳಲ್ಲಿ ಸಣ್ಣ ಸಣ್ಣ ಪಾತ್ರಗಳಲ್ಲೇ ಬಾಳು ಸವೆಸಿದ ಈ ನಟ ಇಲ್ಲಿ ಇಡೀ ಚಿತ್ರವನ್ನು ಹೆಗಲ ಮೇಲೆ ಹೊತ್ತಿದ್ದಾರೆ. ಕಲ್ಲಿನ ಗುಣ ತಿಳಿದ ಗಳಿಗೆಯಲ್ಲಿ ಆ ಕಣ್ಣುಗಳಲ್ಲಿ ಆಸೆಗಿಂತ ಮೊದಲು ಹೆದರಿಕೆ ಬರುತ್ತದೆ: ಇಷ್ಟು ದೊಡ್ಡದು ನನ್ನಂಥವನಿಗೆ ಹೇಗೆ ಸಿಕ್ಕಿತು ಎಂಬ ಗುಮಾಸ್ತನ ಹೆದರಿಕೆ. ಸಿರಿವಂತರ ಪಾನಗೋಷ್ಠಿಯ ದೃಶ್ಯದ ನಂತರ ಚಿತ್ರ ಸ್ವಲ್ಪ ಸಡಿಲವಾಗುತ್ತದೆ ನಿಜ. ಆ ಮುಖಕ್ಕಾಗಿ ಅದನ್ನು ಸಹಿಸಿಕೊಳ್ಳಬಹುದು.

ಕಲ್ಕತ್ತೆಯಿಂದ ಒಮ್ಮೆಗೇ ಅಂತರಿಕ್ಷಕ್ಕೆ ಹೋಗೋಣ. ಜಾನ್ ಕಾರ್ಪೆಂಟರ್‌ನ 'ಡಾರ್ಕ್ ಸ್ಟಾರ್' (1974) ಅಮೆರಿಕದ ಸಿನಿಮಾ ವಿದ್ಯಾರ್ಥಿಗಳ ಅಭ್ಯಾಸಚಿತ್ರವಾಗಿ ಹುಟ್ಟಿ, ಸುಮಾರು 60,000 ಡಾಲರಿನಲ್ಲಿ ಪೂರ್ತಿ ಚಿತ್ರವಾಗಿ ಬೆಳೆದದ್ದು. ಬಡತನವನ್ನು ಮುಚ್ಚಿಡುವ ಗೊಡವೆಗೇ ಅದು ಹೋಗುವುದಿಲ್ಲ. ಅನ್ಯಗ್ರಹದ ಪ್ರಾಣಿ ಬೇಕಾಯಿತು; ಕಡಲ ತೀರದಲ್ಲಿ ಮಕ್ಕಳು ಆಡುವ ಗಾಳಿ ತುಂಬಿದ ಚೆಂಡಿಗೆ ಎರಡು ಪಾದ ಅಂಟಿಸಿದರು, ಪ್ರಾಣಿ ಸಿದ್ಧ! ನೌಕೆಯಲ್ಲಿ ಇಪ್ಪತ್ತು ವರ್ಷಗಳಿಂದ ಅಲೆಯುತ್ತಿರುವ ನಾಲ್ವರು. ಅಸ್ಥಿರ ಗ್ರಹಗಳನ್ನು ಹುಡುಕಿ ಸಿಡಿಸುವುದು ಅವರ ನೌಕರಿ. ಅವರಲ್ಲಿ ಬೆರಗು ಎಂಬುದು ಎಂದೋ ಸತ್ತಿದೆ. ಗಡ್ಡ ಬೆಳೆದಿದೆ, ಒಬ್ಬರ ಮುಖ ಒಬ್ಬರಿಗೆ ಬೇಸರವಾಗಿದೆ. ಸರಕಾರಿ ವಸತಿಗೃಹದಲ್ಲಿ ವರ್ಗಾವಣೆಗೆ ಕಾಯುತ್ತಿರುವ ಬ್ರಹ್ಮಚಾರಿ ನೌಕರರ ಹಾಗೆ ಇದ್ದಾರೆ.

ಅಲ್ಲಿಯ ಬಾಂಬುಗಳು ಮಾತನಾಡುತ್ತವೆ, ಅದೂ ಬಹು ವಿನಯದಿಂದ. ಇಪ್ಪತ್ತನೆಯ ಬಾಂಬು ನೌಕೆಗೆ ಅಂಟಿಕೊಂಡಿರುವಾಗಲೇ ಸಿಡಿಯುವೆನೆಂದು ಹಟ ಹಿಡಿಯುತ್ತದೆ. ಆಜ್ಞೆ ಬಂದಿದೆ, ತಾನು ಪಾಲಿಸಬೇಕು, ಅಷ್ಟೆ. ಆಗ ನೌಕೆಯ ಅಧಿಕಾರಿ ಡೂಲಿಟಲ್ ಅಂತರಿಕ್ಷದಲ್ಲಿ ತೇಲುತ್ತ ಹೋಗಿ ಅದಕ್ಕೆ ತತ್ತ್ವಶಾಸ್ತ್ರ ಬೋಧಿಸುತ್ತಾನೆ. ನೀನು ಇರುವೆ ಎಂದು ನಿನಗೆ ಹೇಗೆ ಗೊತ್ತು? ಹೊರಗಿನ ಜಗತ್ತು ಇದೆ ಎಂಬುದಕ್ಕೆ ಪ್ರಮಾಣವೇನು? ಆಜ್ಞೆ ಬಂದದ್ದು ನಿಜವೆಂದು ಹೇಗೆ ನಂಬುವೆ? ಬಾಂಬು ಯೋಚನೆಗೆ ಬೀಳುತ್ತದೆ. ಮಾಯಾವಾದ ಕೇಳಿ ಬೆಳೆದ ನಮಗೆ ಇದಕ್ಕಿಂತ ಸೊಗಸಾದ ಹಾಸ್ಯ ಬೇಕೇ? ಆದರೆ ಅರ್ಧ ಕಲಿಸಿದ ವೇದಾಂತ ಎಷ್ಟು ಅಪಾಯಕಾರಿ ಎಂಬುದೂ ಮುಂದೆ ತಿಳಿಯುತ್ತದೆ. ಜಗತ್ತೇ ಸುಳ್ಳು, ಇರುವವನು ನಾನೊಬ್ಬನೇ ಎಂದು ತೀರ್ಮಾನಿಸಿದ ಬಾಂಬು ಏನು ಮಾಡೀತು, ನೀವೇ ಊಹಿಸಿ. ಆ ಚೆಂಡಿನ ಪ್ರಾಣಿಯನ್ನು ಅಟ್ಟಿಸಿಕೊಂಡು ಹೋಗುವ ಭಾಗವನ್ನು ತುಸು ಎಳೆದಿದ್ದಾರೆ. ಅದನ್ನು ಬರೆದು, ತಾನೇ ನಟಿಸಿದ ಡ್ಯಾನ್ ಓ'ಬ್ಯಾನನ್ ಮುಂದೆ 'ಏಲಿಯನ್' (1979) ಎಂಬ ಭಯಾನಕ ಚಿತ್ರಕ್ಕೆ ಕಥೆ ಒದಗಿಸಿದ. ನೌಕೆಯೊಳಗೆ ನುಗ್ಗಿದ ಅನ್ಯಪ್ರಾಣಿ ಎಂಬ ಬೀಜ ಎರಡಕ್ಕೂ ಒಂದೇ.

ಕೊನೆಯದು, ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು: ಗಿಯೋರ್ಗಿ ದನೇಲಿಯಾನ 'ಕಿನ್-ಜಾ-ಜಾ' (1986). ಮಾಸ್ಕೋದ ಮೇಸ್ತ್ರಿಯೊಬ್ಬ ಹೆಂಡತಿ ಹೇಳಿದ ಸಾಮಾನು ತರಲು ಬೀದಿಗಿಳಿಯುತ್ತಾನೆ. ಅಲ್ಲಿ ಬರಿಗಾಲಿನ ಒಬ್ಬ ಹುಚ್ಚನಂಥವನು, ನಿಮ್ಮ ಗ್ರಹದ ನಂಬರೆಷ್ಟು ಎಂದು ಕೇಳುತ್ತಿದ್ದಾನೆ. ಮೇಸ್ತ್ರಿ ಅವನ ಕೈಯ ಯಂತ್ರದ ಗುಂಡಿ ಒತ್ತುತ್ತಾನೆ. ಮರುಕ್ಷಣ ಅವನೂ, ಪಕ್ಕದಲ್ಲಿದ್ದ ಪಿಟೀಲು ಹಿಡಿದ ಜಾರ್ಜಿಯಾದ ಹುಡುಗನೂ ಪ್ಲೂಕ್ ಎಂಬ ಮರಳುಗಾಡಿನ ಗ್ರಹದಲ್ಲಿ ನಿಂತಿರುತ್ತಾರೆ. ತುರ್ಕಮೇನಿಯಾದ ಕಾರಾಕುಮ್ ಮರುಭೂಮಿಯಲ್ಲಿ ತೆಗೆದ ಆ ದೃಶ್ಯಗಳಲ್ಲಿ ಹೊಳೆಯುವ ಒಂದು ವಸ್ತುವೂ ಇಲ್ಲ. ಎಲ್ಲ ತುಕ್ಕು, ಎಲ್ಲ ಗುಜರಿ.

ಪ್ಲೂಕಿನ ಜನರಿಗೆ ಹೆಚ್ಚು ಶಬ್ದಗಳು ಬೇಡ; ಒಂದು 'ಕೂ' ಅಂದರೆ ಬಹುಪಾಲು ಎಲ್ಲ ಮಾತೂ ಆಯಿತು. ಅಲ್ಲಿ ಬೆಂಕಿಕಡ್ಡಿಗೆ ಚಿನ್ನದ ಬೆಲೆ. ನೀರನ್ನೆಲ್ಲ ಇಂಧನ ಮಾಡಿಬಿಟ್ಟಿದ್ದಾರೆ, ಕುಡಿಯಲು ಬೇಕಾದವರು ಅದನ್ನು ಮತ್ತೆ ನೀರಾಗಿಸಿಕೊಳ್ಳಬೇಕು. ಜನರಲ್ಲಿ ಎರಡು ಪಂಗಡ, ಚಾತ್ಲಾನರು ಮತ್ತು ಪಾತ್ಸಾಕರು. ನೋಡಲು ವ್ಯತ್ಯಾಸವೇ ಇಲ್ಲ. ಒಂದು ಪುಟ್ಟ ಯಂತ್ರ ಹಿಡಿದರೆ ಒಬ್ಬನಿಗೆ ಕಿತ್ತಳೆ ದೀಪ, ಇನ್ನೊಬ್ಬನಿಗೆ ಹಸಿರು ದೀಪ, ಅಷ್ಟೆ. ಹಸಿರಿನವನು ಮೂಗಿಗೆ ಪುಟ್ಟ ಗಂಟೆ ಸಿಕ್ಕಿಸಿಕೊಂಡು ಮೇಲಿನವನ ಮುಂದೆ ಕುಕ್ಕರಿಸಿ 'ಕೂ' ಎನ್ನಬೇಕು. ಇನ್ನೊಂದು ಗ್ರಹಕ್ಕೆ ಹೋದರೆ ಲೆಕ್ಕ ತಿರುಗುಮುರುಗು: ಅಲ್ಲಿ ಗಂಟೆ ಚಾತ್ಲಾನನ ಮೂಗಿಗೆ. ಅದರ ಮೇಲೆ ಪ್ಯಾಂಟಿನ ಬಣ್ಣದಿಂದ ಬೇರೆ ಅಂತಸ್ತು. ಸೋವಿಯತ್ ವ್ಯವಸ್ಥೆಯ ಅಣಕವೆಂದು ಇದನ್ನು ಓದುವವರಿದ್ದಾರೆ. ಬೇರೆ ಬೇರೆ ಲೋಟಗಳಲ್ಲಿ ಚಹ ಕೊಡುವ ಹೋಟೆಲುಗಳನ್ನು ಕಂಡ ನಾಡಿನವರಿಗೆ ಆ ದೀಪದ ಯಂತ್ರ ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ನಾನಂತೂ ಅರ್ಧ ಚಿತ್ರ ನಕ್ಕು, ಮಿಕ್ಕರ್ಧ ಮೈ ಹಿಂಡಿಕೊಂಡು ನೋಡಿದೆ.

ದನೇಲಿಯಾನ ಜಾಣ್ಮೆ ಇರುವುದು ಭೂಮಿಯವರನ್ನು ಒಳ್ಳೆಯವರೆಂದು ಬಿಟ್ಟುಕೊಡದಿರುವುದರಲ್ಲಿ. ಮೇಸ್ತ್ರಿಯೂ ಹುಡುಗನೂ ಮೊದಲು ಕುಕ್ಕರಿಸಲು ಒಪ್ಪುವುದಿಲ್ಲ. ಆಮೇಲೆ ಹೊಟ್ಟೆಗಾಗಿ ಒಪ್ಪುತ್ತಾರೆ. ಆಮೇಲೆ ಅಭ್ಯಾಸವಾಗುತ್ತದೆ. ಆ ಅಭ್ಯಾಸ ಎಷ್ಟು ಆಳಕ್ಕಿಳಿಯಿತು ಎಂಬುದನ್ನು ಕೊನೆಯ ದೃಶ್ಯ ಹೇಳುತ್ತದೆ. ಅದನ್ನು ನಾನು ಹೇಳಲಾರೆ. ಎರಡು ಗಂಟೆಗೂ ಮೀರಿದ ಚಿತ್ರ, ಮೊದಲ ಅರ್ಧ ಗಂಟೆ ತಲೆಬುಡ ತಿಳಿಯುವುದಿಲ್ಲ. ಎದ್ದು ಹೋಗಬೇಡಿ, ಭಾಷೆ ತಾನಾಗಿ ಬರುತ್ತದೆ.

ಈ ನಾಲ್ಕನ್ನು ಯಾವ ಕ್ರಮದಲ್ಲಿ ನೋಡಬೇಕು ಎಂದು ಕೇಳಿದರೆ ಬಿಳಿಯ ಸೂಟಿನಿಂದ ಶುರು ಮಾಡಿ ಎನ್ನುತ್ತೇನೆ. ಒಬ್ಬರೇ ಕುಳಿತು ನೋಡುವುದಕ್ಕಿಂತ ಮನೆಮಂದಿಯ ಜೊತೆ ನೋಡುವುದು ಲೇಸು. ಹಿಂದೆ ಇಂಥವು ಸಿಕ್ಕಬೇಕಾದರೆ ದೂತಾವಾಸಗಳ ದಯೆ ಬೇಕಿತ್ತು. ಈಗ ಮನಸ್ಸು ಮಾಡಿದರೆ ಮನೆಯಲ್ಲೇ ಸಿಗುತ್ತವೆ. ಮಾತನಾಡುವ ಯಂತ್ರಗಳು ಬಾಂಬಿನಷ್ಟೇ ವಿನಯದಿಂದ ನಮ್ಮ ಮೇಜಿನ ಮೇಲೆ ಬಂದು ಕುಳಿತಿರುವ ಕಾಲ ಇದು. ಅವುಗಳನ್ನು ಹೊಗಳುವವರೂ ಶಪಿಸುವವರೂ ಇಬ್ಬರೂ ಬೆರಗಿನ ಭಾಷೆಯಲ್ಲೇ ಮಾತನಾಡುತ್ತಿದ್ದಾರೆ. ಬಟ್ಟೆ ಒಗೆಯುವ ಆ ಮುದುಕಿ ಕೇಳಿದ ಪ್ರಶ್ನೆಯನ್ನು ಕೇಳುವವರು ಬೇಕಾಗಿದೆ. ಅದಕ್ಕೆ ಸಿಡ್ನಿಯ ಬಳಿ ಉತ್ತರವಿರಲಿಲ್ಲ, ಚಿತ್ರವೂ ಕೊಡುವುದಿಲ್ಲ. ಆದರೆ ಎಪ್ಪತ್ತು ವರ್ಷಗಳ ಹಿಂದೆಯೇ, ಎಲ್ಲರೂ ನಗುತ್ತಿದ್ದಾಗ, ಅದನ್ನು ಕೇಳಿಯಂತೂ ಆಗಿದೆ.