ಕೊಯ್ಲಿಗೆ ಮೊದಲಿನ ತಲೆ, ಕೊಯ್ಲಿನ ನಂತರದ ತಲೆ

ಬಡವರ ಬಡತನಕ್ಕೆ ಅವರ ಬುದ್ಧಿಯೇ ಕಾರಣ ಎಂಬ ಮಾತು ಬಹಳ ಹಳೆಯದು. ಸಾಲದ ಮೇಲೆ ಸಾಲ ಮಾಡುತ್ತಾರೆ, ಮುಂದಿನದನ್ನು ಯೋಚಿಸುವುದಿಲ್ಲ, ವಿಮೆ ಕಟ್ಟುವುದಿಲ್ಲ, ರಾಶಿ ಆದ ಕೂಡಲೇ ಸಿಕ್ಕ ದರಕ್ಕೆ ಮಾಲು ಹಾಕಿ ಬರುತ್ತಾರೆ ಎಂಬ ದೂರು ಕಚೇರಿಗಳಲ್ಲೂ ಸಭೆಗಳಲ್ಲೂ ಕೇಳುತ್ತಲೇ ಇರುತ್ತದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಅಧ್ಯಯನವೊಂದು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೋ ಅದರ ಲೇಖಕರು. ಅದರ ಮುಖ್ಯ ಭಾಗ ನಡೆದದ್ದು ತಮಿಳುನಾಡಿನ ಕಬ್ಬಿನ ಊರುಗಳಲ್ಲಿ. ಕಬ್ಬನ್ನೂ ತೊಗರಿಯನ್ನೂ ನಂಬಿದ ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನೆಲದಲ್ಲಿ ನಿಂತು ಓದಿದರೆ ಆ ಅಧ್ಯಯನದ ಸತ್ವ ಎಷ್ಟು, ಕೊರತೆ ಎಲ್ಲಿ ಎಂಬುದು ಸ್ಪಷ್ಟವಾಗುತ್ತದೆ.

ಮೊದಲು ಸತ್ವ. ಬಡವನನ್ನು ಶ್ರೀಮಂತನ ಪಕ್ಕದಲ್ಲಿ ನಿಲ್ಲಿಸಿ ಬುದ್ಧಿ ಅಳೆದರೆ ಏನೂ ತಿಳಿಯುವುದಿಲ್ಲ. ಶಾಲೆ, ಊಟ, ಆರೋಗ್ಯ ಎಲ್ಲದರಲ್ಲೂ ಅವರ ನಡುವೆ ಅಂತರವಿರುತ್ತದೆ. ಈ ಸಂಶೋಧಕರು ರೈತನನ್ನು ಅವನೊಂದಿಗೇ ಹೋಲಿಸಿದರು. 54 ಊರುಗಳ 464 ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮೊದಲು ಕೈ ಬರಿದಾಗಿದ್ದಾಗ ಒಮ್ಮೆ, ಕಬ್ಬಿನ ಹಣ ಬಂದ ಮೇಲೆ ಮತ್ತೊಮ್ಮೆ ಪರೀಕ್ಷಿಸಿದರು. ಕೊಯ್ಲಿಗೆ ಮೊದಲು ನೂರಕ್ಕೆ 78 ಜನ ಏನಾದರೂ ಅಡವಿಟ್ಟಿದ್ದರು, 99 ಜನರಿಗೆ ಸಾಲವಿತ್ತು. ಕೊಯ್ಲಿನ ನಂತರ ಆ ಸಂಖ್ಯೆಗಳು ಕ್ರಮವಾಗಿ 4ಕ್ಕೂ 13ಕ್ಕೂ ಇಳಿದಿದ್ದವು.

ಪರೀಕ್ಷೆಗಳು ಸರಳವಾಗಿದ್ದವು. ಒಂದರಲ್ಲಿ ಆಕೃತಿಗಳ ಸಾಲಿನಲ್ಲಿ ಬಿಟ್ಟುಹೋದ ತುಂಡು ಯಾವುದೆಂದು ಹುಡುಕಬೇಕು. ಇನ್ನೊಂದರಲ್ಲಿ ‘5 5 5’ ಎಂದು ತೋರಿಸಿದರೆ, ಐದು ಎನ್ನಲು ಹೊರಟ ನಾಲಿಗೆಯನ್ನು ತಡೆದು, ಅಲ್ಲಿ ಎಷ್ಟು ಅಂಕಿಗಳಿವೆ ಎಂದು ಎಣಿಸಿ ‘ಮೂರು’ ಎನ್ನಬೇಕು. ಮೊದಲನೆಯದರಲ್ಲಿ 10 ಪ್ರಶ್ನೆಗೆ ಸರಾಸರಿ 4.35 ಇದ್ದ ಸರಿಯುತ್ತರ ಕೊಯ್ಲಿನ ನಂತರ 5.45 ಆಯಿತು. ಎರಡನೆಯದಕ್ಕೆ 146 ಸೆಕೆಂಡು ಹಿಡಿಯುತ್ತಿದ್ದದ್ದು 131ಕ್ಕೆ ಇಳಿಯಿತು. ಮನುಷ್ಯ ಅದೇ, ಊರು ಅದೇ, ಓದು ಅಷ್ಟೇ. ಬದಲಾದದ್ದು ಕೈಯಲ್ಲಿನ ದುಡ್ಡು. ಹಣದ ಚಿಂತೆ ತಲೆಯ ಒಂದು ಭಾಗವನ್ನು ಸದಾ ಹಿಡಿದಿಟ್ಟುಕೊಂಡಿರುತ್ತದೆ, ಬೇರೆ ಕೆಲಸಕ್ಕೆ ಉಳಿಯುವುದು ಮಿಕ್ಕಿದ್ದು ಮಾತ್ರ ಎಂಬುದು ಅವರ ತೀರ್ಮಾನ.

ಕಬ್ಬನ್ನೇ ಆರಿಸಿಕೊಂಡದ್ದರಲ್ಲಿ ಈ ಅಧ್ಯಯನದ ಜಾಣತನವಿದೆ. ಕಬ್ಬು ಕಡಿಯುವ ದಿನವನ್ನು ರೈತ ನಿಶ್ಚಯಿಸುವುದಿಲ್ಲ, ಕಾರ್ಖಾನೆ ನಿಶ್ಚಯಿಸುತ್ತದೆ. ಕಟಾವು ತಿಂಗಳುಗಟ್ಟಲೆ ನಡೆಯುತ್ತದೆ. ಒಬ್ಬನ ಹೊಲ ಮೊದಲು ಖಾಲಿಯಾದರೆ ಪಕ್ಕದವನ ಸರದಿ ಎಷ್ಟೋ ವಾರಗಳ ನಂತರ. ಆದ್ದರಿಂದ ಒಂದೇ ಹವಾಮಾನದಲ್ಲಿ, ಒಂದೇ ಹಬ್ಬದ ಹೊತ್ತಿನಲ್ಲಿ ಹಣ ಬಂದವನೂ ಬಾರದವನೂ ಅಕ್ಕಪಕ್ಕದಲ್ಲೇ ಸಿಗುತ್ತಾರೆ. ಅಫಜಲಪುರದ ಹವಳಗಾ, ಆಳಂದದ ಭೂಸನೂರು ಕಾರ್ಖಾನೆಗಳ ಸುತ್ತಲಿನ ರೈತರಿಗೆ ಈ ಸರದಿ ಕಾಯುವುದು ಹೊಸದಲ್ಲ. ಕಡಿಯುವ ಗುಂಪು ಬಂತೇ, ಲಾರಿ ಬಂತೇ, ಬಿಲ್ಲು ಯಾವಾಗ ಎಂಬ ಮೂರು ಪ್ರಶ್ನೆಗಳಲ್ಲಿ ಅವರ ಚಳಿಗಾಲ ಕಳೆಯುತ್ತದೆ.

ಆದರೂ ಇದನ್ನು ವೇದವಾಕ್ಯದಂತೆ ಒಪ್ಪಬೇಕಿಲ್ಲ. ಬಡತನ 13 ಐಕ್ಯೂ ಅಂಕ ಕಸಿಯುತ್ತದೆ ಎಂಬ ಮಾತು ಲೋಕವೆಲ್ಲ ಹರಡಿತು. ಕೆಲವೇ ಪ್ರಶ್ನೆಗಳ ವ್ಯತ್ಯಾಸವನ್ನು ಅಂಕಿಅಂಶಗಳ ಮೂಲಕ ಹಿಗ್ಗಿಸಿ ಪಡೆದ ಸಂಖ್ಯೆ ಅದು. ಬಡವನಿಗೆ ಹಣೆಪಟ್ಟಿ ಕಟ್ಟುವುದಕ್ಕೂ ಅದು ಬಳಕೆಯಾಗಬಲ್ಲದು. ಎರಡನೆಯ ಸಲ ಅದೇ ಪರೀಕ್ಷೆ ಬರೆದವರು ರೂಢಿಯಿಂದಲೇ ಚೆನ್ನಾಗಿ ಮಾಡಿರಬಹುದಲ್ಲವೇ ಎಂಬ ಆಕ್ಷೇಪ ಬಂತು. ಕೊಯ್ಲಿನ ನಂತರವೇ ಮೊದಲ ಸಲ ಪರೀಕ್ಷೆಗೆ ಕುಳಿತ ಬೇರೆ ರೈತರ ಫಲಿತಾಂಶವನ್ನು ಲೇಖಕರು ಮುಂದಿಟ್ಟಿರುವುದರಿಂದ ಆ ಆಕ್ಷೇಪಕ್ಕೆ ತಕ್ಕಮಟ್ಟಿನ ಉತ್ತರವಿದೆ. ಹೆಚ್ಚು ಗಂಭೀರವಾದದ್ದು ಬೇರೆ. ಅಮೆರಿಕದ ಕಡಿಮೆ ಆದಾಯದವರನ್ನು ಸಂಬಳಕ್ಕೆ ಮೊದಲೂ ನಂತರವೂ ಪರೀಕ್ಷಿಸಿದ 2016ರ ಅಧ್ಯಯನಕ್ಕೆ ತಲೆಯ ಚುರುಕಿನಲ್ಲಿ ಯಾವ ವ್ಯತ್ಯಾಸವೂ ಸಿಗಲಿಲ್ಲ. ಕೊರತೆಯ ಮನಸ್ಸನ್ನು ಕುರಿತ 20 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದ 2021ರ ತಂಡಕ್ಕೆ ಹೆಚ್ಚಿನವುಗಳಲ್ಲಿ ಹಳೆಯ ಫಲ ಮರಳಿ ಬರಲಿಲ್ಲ.

ಇದರಿಂದ ಕಬ್ಬಿನ ಹೊಲದ ಅಧ್ಯಯನ ಬಿದ್ದುಹೋಯಿತೆಂದು ನಾನು ಭಾವಿಸುವುದಿಲ್ಲ. ತಿಂಗಳ ಸಂಬಳದವನಿಗೆ ಕೊರತೆಯ ಅವಧಿ ಕೆಲವು ದಿನ, ಅದು ಮುಗಿಯುವ ತಾರೀಖೂ ಗೊತ್ತು. ತೊಗರಿ ಬೆಳೆಗಾರನಿಗೆ ದುಡ್ಡು ಬರುವುದು ವರ್ಷಕ್ಕೊಮ್ಮೆ. ಮಿರಗದ ಮಳೆಗೆ ಬಿತ್ತಿದ್ದು ಎಳ್ಳಮವಾಸಿಗೆ ಹೊಲದಲ್ಲಿ ಚರಗ ಚೆಲ್ಲುವ ಹೊತ್ತಿಗೆ ಕೊಯ್ಲಿಗೆ ಬರುತ್ತದೆ. ಅಷ್ಟರೊಳಗೆ ನೆಟೆ ರೋಗ ಬರಬಹುದು, ಮೋಡ ಮುಸುಕಿ ಹೂ ಉದುರಬಹುದು, ಕಲಬುರಗಿಯ ಗಂಜಿನಲ್ಲಿ ದರ ಕುಸಿಯಬಹುದು. ಇಷ್ಟು ದೀರ್ಘವಾದ, ಇಷ್ಟು ಅನಿಶ್ಚಿತವಾದ ಕಾಯುವಿಕೆಯನ್ನು ಕೆಲವು ದಿನದ ಕೊರತೆಯ ತಕ್ಕಡಿಯಲ್ಲಿ ತೂಗಬಾರದು.

ನನ್ನ ನಿಜವಾದ ತಕರಾರು ಎರಡು. ಆದಾಯದ ನೂರಕ್ಕೆ 60ರಷ್ಟಾದರೂ ಕಬ್ಬಿನಿಂದ ಬರುವ ರೈತರನ್ನಷ್ಟೇ ಅಧ್ಯಯನ ಆರಿಸಿಕೊಂಡಿತು. ಹೊಲವಿಲ್ಲದೆ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳಿಗೆ, ಪುಣೆ–ಮುಂಬೈಗೆ ದುಡಿಯಲು ಹೋಗುವವರಿಗೆ ‘ಕೊಯ್ಲಿನ ನಂತರ’ ಎಂಬ ನಿರಾಳ ತಿಂಗಳೇ ಇಲ್ಲ. ಅತಿ ಹೆಚ್ಚು ಹೊರೆ ಹೊತ್ತವರು ಈ ಅಳತೆಗೆ ಸಿಗುವುದೇ ಇಲ್ಲ.

ಎರಡನೆಯ ತಕರಾರು ಇನ್ನೂ ದೊಡ್ಡದು. ಹಣ ತಡವಾದರೆ ತಲೆ ಏನಾಗುತ್ತದೆ ಎಂದು ಕೇಳಿದ ಅಧ್ಯಯನ, ಹಣ ತಡವಾಗುವುದೇಕೆ ಎಂದು ಕೇಳಲಿಲ್ಲ. ಕಬ್ಬು ತಲುಪಿದ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲೇ ಇದೆ. ಹಾಗಿದ್ದೂ ಬಾಕಿ ಬಿಲ್ಲಿಗಾಗಿ ರೈತರು ರಸ್ತೆಗಿಳಿಯುವುದು ಕರ್ನಾಟಕದಲ್ಲಿ ನಿಂತಿಲ್ಲ. ರಾಚೆಸ್ಟರ್ ವಿಶ್ವವಿದ್ಯಾಲಯದ 2013ರ ಪುಟ್ಟ ಪ್ರಯೋಗವೊಂದು ಇಲ್ಲಿ ನೆರವಿಗೆ ಬರುತ್ತದೆ. ಕೊಟ್ಟ ಮಾತು ಉಳಿಸಿಕೊಂಡ ದೊಡ್ಡವರನ್ನು ಕಂಡಿದ್ದ ಮಕ್ಕಳು, ಮುಂದಿಟ್ಟ ಸಿಹಿಯನ್ನು ತಿನ್ನದೆ ಕಾದರೆ ಸಿಗಲಿದ್ದ ಎರಡನೆಯ ಸಿಹಿಗಾಗಿ ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡಿದ್ದವರು 3 ನಿಮಿಷವಷ್ಟೇ. ತಾಳ್ಮೆ ಹುಟ್ಟುಗುಣ ಮಾತ್ರವಲ್ಲ, ನಂಬಿಕೆಯ ಫಲವೂ ಹೌದು. ರಾಶಿ ಆದ ದಿನವೇ ಅಡತಿ ಅಂಗಡಿಗೆ ತೊಗರಿ ಹಾಕುವ ರೈತ ತಿಳಿಗೇಡಿಯಲ್ಲ. ಖರೀದಿ ಕೇಂದ್ರ ಯಾವಾಗ ತೆರೆಯುತ್ತದೆ, ಹಣ ಯಾವಾಗ ಖಾತೆಗೆ ಬರುತ್ತದೆ ಎಂಬ ಭರವಸೆಯಿಲ್ಲದೆ, ತಲೆಯ ಮೇಲೆ ಕೈಗಡದ ಬಡ್ಡಿ ಓಡುತ್ತಿರುವಾಗ ಕಾಯುವುದೇ ದುಡುಕಾದೀತು.

ಈ ಸಂಶೋಧನೆಯನ್ನು ಗಂಭೀರವಾಗಿ ತೆಗೆದುಕೊಂಡರೆ ರೈತರಿಗೆ ಹಣಕಾಸಿನ ತಿಳಿವಳಿಕೆ ಶಿಬಿರ ನಡೆಸುವ ಬದಲು ನಮ್ಮ ಸರ್ಕಾರಿ ಪಂಚಾಂಗವನ್ನು ತಿದ್ದಬೇಕಾಗುತ್ತದೆ. ಬೀಜ–ಗೊಬ್ಬರದ ಖರ್ಚು ಜೂನ್‌ನಲ್ಲಿ. ಮಕ್ಕಳ ಶಾಲೆಯ ಖರ್ಚೂ ಆಗಲೇ. ಮುಂಗಾರು ಬೆಳೆ ವಿಮೆಯ ಗಡುವು ಸಾಮಾನ್ಯವಾಗಿ ಜುಲೈ ಕೊನೆಗೆ. ವರ್ಷದ ಅತಿ ಕಠಿಣ ನಿರ್ಧಾರಗಳನ್ನೆಲ್ಲ ರೈತನ ಜೇಬೂ ತಲೆಯೂ ಅತ್ಯಂತ ಬಿಗಿಯಾಗಿರುವ ತಿಂಗಳುಗಳಿಗೇ ನಾವು ಪೇರಿಸಿಟ್ಟಿದ್ದೇವೆ. ಅವನ ಪಾಲಿನ ಶೇ 2ರ ವಿಮಾ ಕಂತನ್ನು ಹಿಂದಿನ ಸುಗ್ಗಿಯ ಹಣದಲ್ಲೇ, ಫೆಬ್ರುವರಿಯಲ್ಲಿ, ಮುಂಗಡವಾಗಿ ಕಟ್ಟಲು ಅವಕಾಶವಿರಬೇಕು. ಅರ್ಜಿಗಳು ಒಂದೇ ಪುಟದಲ್ಲಿ ಮುಗಿಯಬೇಕು. ಖರೀದಿ ಕೇಂದ್ರಗಳು ರಾಶಿಗೆ ಮೊದಲೇ ತೆರೆದಿರಬೇಕು.

ಮನೋವಿಜ್ಞಾನದ ಹಲವು ಪ್ರಸಿದ್ಧ ಪ್ರಯೋಗಗಳು ಮರುಪರೀಕ್ಷೆಯಲ್ಲಿ ಸೋತಿರುವ ಈ ಕಾಲದಲ್ಲಿ ಈ ಅಧ್ಯಯನದ ಅಂಕಿಗಳು ಮುಂದೆ ಬದಲಾಗಬಹುದು. ಆದರೆ ಅದು ಪ್ರಶ್ನೆಯ ದಿಕ್ಕನ್ನು ತಿರುಗಿಸಿದೆ. ರೈತ ಹೀಗೇಕೆ ಯೋಚಿಸುತ್ತಾನೆ ಎಂದು ಕೇಳುವವರು, ಅವನನ್ನು ಎಷ್ಟು ದಿನದಿಂದ ಕಾಯಿಸಿದ್ದೇವೆ ಎಂಬ ಲೆಕ್ಕವನ್ನು ಮೊದಲು ಕೊಡಬೇಕು.