ಕಾವಲಿನಿಂದ ಕೊಟ್ಟಿಗೆಗೆ: ಗುಬ್ಬಿ ಸೀಮೆಯ ಮೇವಿನ ನೆಲ

ಗುಬ್ಬಿ ತಾಲ್ಲೂಕಿನಲ್ಲಿ ದನ ಸಾಕಲು ಜಮೀನು ಸಜ್ಜು ಮಾಡುವುದೆಂದರೆ ಇಂದು ಬಹುಮಟ್ಟಿಗೆ ಮೂರು ಕೆಲಸ: ಶೀಟು ಹೊದಿಸಿದ ಕೊಟ್ಟಿಗೆ ಕಟ್ಟುವುದು, ಕೊಳವೆಬಾವಿಯ ನೀರನ್ನು ಅಲ್ಲಿಗೆ ತರುವುದು, ತೆಂಗಿನ ಸಾಲುಗಳ ನಡುವೆ ಸೀಮೆಹುಲ್ಲು ನೆಡುವುದು. ಕೆಲಸಗಳು ಸರಿಯಾದವೇ, ಅವುಗಳ ಸರದಿ ತಪ್ಪು. ಕೊಟ್ಟಿಗೆ ಏಳುತ್ತದೆ, ಹಸು ಬರುತ್ತದೆ, ಮೇವಿನ ಯೋಚನೆ ಕೊನೆಗೆ ಬರುತ್ತದೆ.

ಈ ಸೀಮೆಯ ಹಳೆಯ ಪದ್ಧತಿಯಲ್ಲಿ ನೆಲವೇ ಮೊದಲು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪುವಿನ ಆಳ್ವಿಕೆಯಲ್ಲಿ ಅಮೃತಮಹಲ್ ಎಂಬ ಹೆಸರಾಯಿತು. ಅದರ ದನಗಳಿಗಾಗಿ ಹಳೆ ಮೈಸೂರಿನ ಉದ್ದಕ್ಕೂ ಹುಲ್ಲುಗಾವಲುಗಳನ್ನು ಕಾವಲುಗಳೆಂದು ಮೀಸಲಿಟ್ಟು, ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಕೆರೆಯಂಗಳದ ಹಸಿರು ಮತ್ತು ಮರದ ನೆರಳು ಇರುವಂಥವು ಬೇಸಿಗೆಗೆ. ಒಂದು ಕಾವಲಿನಲ್ಲಿ ದನ ಮೇಯುವಾಗ ಇನ್ನೊಂದರ ಹುಲ್ಲು ಚಿಗುರಿ ಬೀಜ ಉದುರಿಸುತ್ತಿತ್ತು. ಇದರ ಗುರಿ ಸೈನ್ಯದ ಸಾಮಾನು ಎಳೆಯುವ ಎತ್ತುಗಳು. ಊರಿನ ಬಡ ರೈತನ ಹಸುವಲ್ಲ. ಆ ಮಿತಿಯನ್ನು ಮರೆಯುವಂತಿಲ್ಲ. ಆದರೂ ನೆಲಕ್ಕೆ ಬಿಡುವು ಕೊಡುವ ಈ ಕ್ರಮಕ್ಕಿಂತ ಉತ್ತಮವಾದುದನ್ನು ಮಳೆಯಾಶ್ರಿತ ಕೆಂಪು ಮಣ್ಣಿಗೆ ಇದುವರೆಗೆ ಯಾರೂ ತಂದುಕೊಟ್ಟಿಲ್ಲ.

ಊರ ದನಕ್ಕೆ ಇದ್ದದ್ದು ಗೋಮಾಳ. 1966ರ ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮ ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್ ಹುಲ್ಲುಗಾವಲು ಮೀಸಲಿಡಬೇಕೆನ್ನುತ್ತದೆ. ಬಗರ್‌ಹುಕುಂ ಸಾಗುವಳಿ, ನಿವೇಶನ, ಸರ್ಕಾರಿ ಕಟ್ಟಡಗಳು ಗೋಮಾಳವನ್ನು ಅಂಚಿನಿಂದ ತಿನ್ನುತ್ತ ಬಂದಿವೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾರ್ಖಾನೆ ಬೇಡವೆನ್ನುವ ಮಾತಲ್ಲ. ಒಂದು ಕಡೆ ಹೋದ ಮೇವಿನ ನೆಲಕ್ಕೆ ಇನ್ನೊಂದು ಕಡೆ ಬದಲಿ ನೆಲ ಸಿದ್ಧಪಡಿಸುವ ರೂಢಿ ನಮ್ಮ ಆಡಳಿತದಲ್ಲಿ ಬೆಳೆಯಲೇ ಇಲ್ಲ, ದೊಡ್ಡ ಲೋಪವೆಂದರೆ ಇದು.

ಮೇಯಲು ನೆಲವಿಲ್ಲದ ಮೇಲೆ ಕೊಯ್ದು ತಂದು ಹಾಕುವ ಪದ್ಧತಿ ಅನಿವಾರ್ಯ. ಡೇರಿಗೆ ಹಾಲು ಹಾಕುವ ಮಿಶ್ರತಳಿ ಹಸುವಿಗೆ ಅದು ಒಪ್ಪುತ್ತದೆ ಕೂಡ. ಅಂಥ ಹಸುವಿಗೆ ದಿನಕ್ಕೆ 25ರಿಂದ 30 ಕೆ.ಜಿ. ಹಸಿಮೇವು, ಐದಾರು ಕೆ.ಜಿ. ಒಣಮೇವು ಬೇಕು. ನೀರು, ಗೊಬ್ಬರ ಸರಿಯಾಗಿ ಕಂಡ ಒಂದು ಎಕರೆ ನೇಪಿಯರ್ ನಾಲ್ಕೈದು ಹಸುಗಳನ್ನು ಹೊರುತ್ತದೆ. ನಾಟಿ ಮಾಡಿದ ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಅಲ್ಲಿಂದ ಸುಮಾರು 45 ದಿನಕ್ಕೊಮ್ಮೆ. ಆದ್ದರಿಂದ ಹುಲ್ಲಿನ ನಾಟಿ ಕೊಟ್ಟಿಗೆಯ ತಳಪಾಯಕ್ಕಿಂತ ಮೊದಲೇ ಆಗಬೇಕು. ಅಂತರ ಬಿಟ್ಟು ಬೆಳೆಸಿದ ಹಳೆಯ ತೆಂಗಿನ ತೋಟದಲ್ಲಿ ಹುಲ್ಲು ಬರುತ್ತದೆ. ಅಡಿಕೆಯ ದಟ್ಟ ನೆರಳಿನಲ್ಲಿ ಸೊರಗುತ್ತದೆ. ಜೊತೆಗೆ ಅಲಸಂದೆಯನ್ನೋ ಕುದುರೆ ಮಸಾಲೆಯನ್ನೋ ಹಾಕದೆ ಬರೀ ನೇಪಿಯರ್ ನಂಬಿದರೆ ಮೇವಿನಲ್ಲಿ ಸತ್ವ ಸಾಲದು.

ಹಸಿಮೇವಿನ ಉತ್ಸಾಹದಲ್ಲಿ ಮರೆತಿರುವುದು ರಾಗಿ ಹುಲ್ಲನ್ನು. ಹಿತ್ತಲಿನ ಮೆದೆಯೇ ಈ ಭಾಗದ ಬರಗಾಲದ ಆಧಾರ. ರಾಗಿ ಹೊಲಗಳು ಅಡಿಕೆ ತೋಟವಾದಷ್ಟೂ ಮೆದೆ ಕುಗ್ಗುತ್ತದೆ. ಅಡಿಕೆ ಹಾಳೆಯನ್ನು ಕತ್ತರಿಸಿ ಹಾಕಬಹುದಾದರೂ ಅದು ರಾಗಿ ಹುಲ್ಲಿನ ಜಾಗ ತುಂಬದು. ಹಸು ಕಟ್ಟುವವರು ಒಂದಿಷ್ಟು ಹೊಲವನ್ನು ರಾಗಿಗೇ ಉಳಿಸಿಕೊಳ್ಳುವುದು ಕೊಳವೆಬಾವಿಗಿಂತ ಭದ್ರವಾದ ಹೂಡಿಕೆ.

ಕೊಟ್ಟಿಗೆಯ ವಿಷಯ ಸರಳ. ಎತ್ತರದ ಜಾಗ, ಪೂರ್ವ–ಪಶ್ಚಿಮ ಉದ್ದ, ಜಾರದ ನೆಲ, ಗಂಜಲ ಹರಿಯಲು ಹತ್ತಡಿಗೆ ಎರಡು–ಮೂರು ಅಂಗುಲ ಇಳಿಜಾರು. ತಗ್ಗು ಶೀಟಿನ ಕೆಳಗೆ ಏಪ್ರಿಲ್ ಬಿಸಿಲಿಗೆ ಹಸು ಏದುಸಿರು ಬಿಡುವುದನ್ನು ನೋಡಿಯೂ ಮಾಡನ್ನು ಎತ್ತರಿಸದಿರುವುದು ಅಕ್ಷಮ್ಯ. ಪಕ್ಕದಲ್ಲೊಂದು ಹೊಂಗೆ ಮರವಿದ್ದರೆ ಅರ್ಧ ಸಮಸ್ಯೆ ಕಳೆಯಿತು.

ಕುರಿಯ ಲೆಕ್ಕ ಬೇರೆ. ಕಾಡುಗೊಲ್ಲರೂ ಕುರುಬರೂ ಜಾಲಿ ಮುಳ್ಳಿನ ರೊಪ್ಪ ಕಟ್ಟಿ ಮರಿಗಳನ್ನು ಕಾಯುತ್ತಾರೆ. ಬೇಸಿಗೆಯಲ್ಲಿ ಬೀಳು ಹೊಲಗಳಲ್ಲಿ ಮಂದೆ ನಿಲ್ಲಿಸುತ್ತಾರೆ. ರಾತ್ರಿಯಿಡೀ ಬಿದ್ದ ಹಿಕ್ಕೆ, ಮೂತ್ರ ಮುಂದಿನ ಬೆಳೆಗೆ ಗೊಬ್ಬರ. ಹೊಲದ ಯಜಮಾನ ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ. ಇಲ್ಲಿ ಜಾನುವಾರೇ ಜಮೀನನ್ನು ಸಜ್ಜು ಮಾಡುತ್ತದೆ. ಈ ಸೀಮೆಯ ಪದ್ಧತಿಗಳಲ್ಲೆಲ್ಲ ಹೆಚ್ಚು ಗೌರವಕ್ಕೆ ಅರ್ಹವಾದದ್ದು ಇದೇ, ಹೆಚ್ಚು ಅಪಾಯದಲ್ಲಿರುವುದೂ ಇದೇ; ತಂತಿಬೇಲಿಯ ತೋಟಗಳ ನಡುವೆ ಮಂದೆಗೆ ದಾರಿಯೇ ಉಳಿಯುತ್ತಿಲ್ಲ.

ಉಳಿದಿರುವ ಗೋಮಾಳಕ್ಕೆ ಮಾಡಬೇಕಾದದ್ದು ದುಬಾರಿಯಲ್ಲ. ಲಾಂಟಾನ ಮತ್ತು ಬಳ್ಳಾರಿ ಜಾಲಿಯನ್ನು ಬೇರುಸಹಿತ ಕಿತ್ತು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಮುಂಗಾರಿಗೆ ಮುಂಚೆ ಸ್ಟೈಲೋ ಮತ್ತು ಅಂಜನ ಹುಲ್ಲಿನ ಬೀಜ ಎರಚಬೇಕು. ಒಂದೆರಡು ಮಳೆಗಾಲ ದನ ಬಿಡದೆ ಕಾದು, ಆಮೇಲೆ ಭಾಗ ಭಾಗವಾಗಿ ಸರದಿಯಲ್ಲಿ ಮೇಯಿಸಬೇಕು. ಆ ಸರದಿಯನ್ನು ಪಂಚಾಯಿತಿ ಮತ್ತು ಹಾಲು ಉತ್ಪಾದಕರ ಸಂಘ ಕೂಡಿ ಗೊತ್ತುಮಾಡಬೇಕು. ಕುರಿಯವರನ್ನೂ ಆ ಮಾತುಕತೆಗೆ ಕೂರಿಸಿಕೊಳ್ಳಬೇಕು.